ಆಡಿದ ಮಾತಿನ ಒಡೆತನ: ಬಾನುಲಿ ರೂಪಕದ ಬದಲಾಗುತ್ತಿರುವ ನೆಲೆಗಳು

ಭಾರತೀಯ ಕಾವ್ಯಮೀಮಾಂಸೆಯಲ್ಲಿ ‘ರೂಪಕ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢವಾಗಿವೆ. ಉಪಮಾನ ಉಪಮೇಯಗಳ ಅಭೇದವನ್ನು ಹೇಳುವ ಅಲಂಕಾರ ಒಂದು; ಹತ್ತನೆಯ ಶತಮಾನದ ಧನಂಜಯನು ‘ದಶರೂಪಕ’ದಲ್ಲಿ ವಿವೇಚಿಸಿದ ದೃಶ್ಯಕಾವ್ಯ ಇನ್ನೊಂದು. ಇಪ್ಪತ್ತನೆಯ ಶತಮಾನದಲ್ಲಿ ಬಾನುಲಿಯು ಇದಕ್ಕೆ ಮೂರನೆಯ ಅರ್ಥವೊಂದನ್ನು ಕೂಡಿಸಿತು. ಇಂಗ್ಲಿಷಿನಲ್ಲಿ ‘ಫೀಚರ್’ ಎನಿಸಿಕೊಂಡ ಪ್ರಕಾರಕ್ಕೆ ನಮ್ಮ ಆಕಾಶವಾಣಿ ಕೇಂದ್ರಗಳು ‘ರೂಪಕ’ ಎಂದು ಹೆಸರಿಟ್ಟವು. ಕಣ್ಣಿಗೆ ಕಾಣುವ ಕಾವ್ಯದ ಹೆಸರನ್ನು ಕಣ್ಣಿಗೆ ಏನನ್ನೂ ಕಾಣಿಸಲಾರದ ಮಾಧ್ಯಮವೊಂದು ತನ್ನದಾಗಿಸಿಕೊಂಡದ್ದು ಸ್ವಾರಸ್ಯಕರ ಸಂಗತಿ. ನಾಟಕದಂತೆ ಪೂರ್ತಿ ಕಲ್ಪಿತವೂ ಅಲ್ಲದ, ವಾರ್ತೆಯಂತೆ ಪೂರ್ತಿ ವರದಿಯೂ ಅಲ್ಲದ, ನಿಜದ ಸಾಮಗ್ರಿಯನ್ನು ಕಲೆಯ ಕ್ರಮದಲ್ಲಿ ಜೋಡಿಸುವ ಶ್ರವ್ಯರಚನೆಯೇ ಬಾನುಲಿ ರೂಪಕ ಎಂದು ಸ್ಥೂಲವಾಗಿ ಹೇಳಬಹುದು.

ಈ ಪ್ರಕಾರದ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರಗಳ ಇತಿಹಾಸವಾಗಿ ಬರೆಯುವುದುಂಟು: ಮೊದಲು ತಟ್ಟೆ, ಅನಂತರ ಟೇಪು, ಬಳಿಕ ಗಣಕಯಂತ್ರ, ಈಗ ಕೃತಕ ಬುದ್ಧಿಮತ್ತೆ. ಈ ಕ್ರಮ ತಪ್ಪಲ್ಲವಾದರೂ ಅಪೂರ್ಣ. ಪ್ರತಿಯೊಂದು ಹಂತದಲ್ಲೂ ಯಂತ್ರದ ಜೊತೆಗೆ ಇನ್ನೊಂದು ಸಂಗತಿಯೂ ಬದಲಾಯಿತು. ಅದು ಮಾತಿನ ಮೇಲಿನ ಅಧಿಕಾರ. ಕೇಳುಗನ ಕಿವಿಗೆ ಬೀಳುವ ಮಾತು ಯಾರದು, ಅದನ್ನು ಆ ರೂಪಕ್ಕೆ ತಂದವರು ಯಾರು, ಆಡಿದವನಿಗೆ ಅದರ ಮೇಲೆ ಏನು ಹಕ್ಕು ಎಂಬ ಪ್ರಶ್ನೆಗಳಿಗೆ ಆಯಾ ಕಾಲ ಬೇರೆ ಬೇರೆ ಉತ್ತರ ಕೊಟ್ಟಿದೆ.

1930ರ ದಶಕದ ಬ್ರಿಟಿಷ್ ಪ್ರಸಾರ ಸಂಸ್ಥೆಯಲ್ಲಿ, ಅಂದರೆ ಬಿಬಿಸಿಯಲ್ಲಿ, ಬರೆಯದ ಮಾತಿಗೆ ಪ್ರವೇಶವೇ ಇರಲಿಲ್ಲವೆನ್ನಬೇಕು. ಪೂರ್ವಲಿಖಿತವಲ್ಲದ ಮಾತು ಪ್ರಸಾರವಾದರೆ ಅದರ ಹೊಣೆ ಯಾರದು ಎಂಬ ಅಂಜಿಕೆಯೇ ಇದಕ್ಕೆ ಮುಖ್ಯ ಕಾರಣ. ಮ್ಯಾಂಚೆಸ್ಟರಿನ ಉತ್ತರ ವಲಯ ಕೇಂದ್ರದಲ್ಲಿದ್ದ ಡಿ. ಜಿ. ಬ್ರಿಡ್ಸನ್ ಅವರು 1935ರಲ್ಲಿ ಆರಂಭಿಸಿದ ‘ಹ್ಯಾರಿ ಹೋಪ್‌ಫುಲ್’ ಮಾಲಿಕೆಯು ಈ ಕಟ್ಟಳೆಗೆ ವಿಚಿತ್ರವಾದ ಉಪಾಯವೊಂದನ್ನು ಕಂಡುಕೊಂಡಿತು. ಬ್ರಿಡ್ಸನ್ ಹಳ್ಳಿ ಪಟ್ಟಣಗಳನ್ನು ಸುತ್ತಿ ದುಡಿಯುವ ಜನರೊಡನೆ ಹರಟಿ, ಅವರ ಮಾತಿನ ಧಾಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಂಭಾಷಣೆ ಬರೆದರು. ಬಳಿಕ ಆ ಜನರನ್ನೇ ಸ್ಟುಡಿಯೋಗೆ ಕರೆತಂದು, ಅವರದೇ ಮಾತನ್ನು ಕಾಗದ ನೋಡಿ ಓದಿಸಿದರು. ಮಾತು ಬಾಯಿಂದ ಕಾಗದಕ್ಕಿಳಿದು, ಕಾಗದದಿಂದ ಮತ್ತೆ ಅದೇ ಬಾಯಿಗೆ ಹಿಂದಿರುಗುವ ಈ ಪಯಣದಲ್ಲಿ ಏನೋ ಒಂದು ಸೋರಿಹೋಗುತ್ತಿತ್ತು. ಆದರೂ ಉತ್ತರ ಇಂಗ್ಲೆಂಡಿನ ನುಡಿಯೊಂದು ತನ್ನ ಉಚ್ಚಾರಣೆಯಲ್ಲೇ ಪ್ರಸಾರಗೊಂಡದ್ದು ಆ ಕಾಲಕ್ಕೆ ಸಣ್ಣ ಸಾಧನೆಯಲ್ಲ.

ಅದೇ ಕೇಂದ್ರದ ಆಲಿವ್ ಶಾಪ್ಲಿ ಅವರು ಒಂದು ಹೆಜ್ಜೆ ಮುಂದೆ ಹೋದರು. ಏಳು ಟನ್ನಿಗೂ ಹೆಚ್ಚು ತೂಗುತ್ತಿದ್ದ ಧ್ವನಿಮುದ್ರಣ ವಾಹನವೊಂದನ್ನು ಬೀದಿಗಳಲ್ಲಿ ನಿಲ್ಲಿಸಿ, ಅದರಿಂದ ತಂತಿ ಎಳೆದು ಜನರ ಮನೆಗೇ ಮೈಕನ್ನು ಒಯ್ದರು. ತಟ್ಟೆಯೊಂದರಲ್ಲಿ ಕೆಲವೇ ನಿಮಿಷಗಳ ಮಾತನ್ನು ಹಿಡಿಯಬಹುದಾಗಿದ್ದ ಆ ದಿನಗಳಲ್ಲಿ ನೆಲೆಯಿಲ್ಲದವರು, ಕಾಲುವೆ ದೋಣಿಗಳವರು, ಗಣಿ ಕಾರ್ಮಿಕರ ಹೆಂಡಂದಿರು ಮೊದಲಬಾರಿಗೆ ಕಾಗದದ ಹಂಗಿಲ್ಲದೆ ಮಾತನಾಡಿದರು. ಜೋನ್ ಲಿಟಲ್‌ವುಡ್ ಅವರೊಡಗೂಡಿ 1939ರಲ್ಲಿ ರಚಿಸಿದ ‘ದ ಕ್ಲಾಸಿಕ್ ಸಾಯಿಲ್’, ಎಂಗೆಲ್ಸ್ ಸುಮಾರು ನೂರು ವರ್ಷ ಹಿಂದೆ ಕಂಡ ಮ್ಯಾಂಚೆಸ್ಟರನ್ನು ತಮ್ಮ ಕಾಲದ ಮ್ಯಾಂಚೆಸ್ಟರಿನ ಪಕ್ಕದಲ್ಲಿಟ್ಟು ತೋರಿಸಿತು. ಅದು ಅತಿ ಏಕಪಕ್ಷೀಯವಾಗಿತ್ತೆಂದು ಶಾಪ್ಲಿಯವರೇ ಮುಂದೆ ಒಪ್ಪಿಕೊಂಡರು. ಮಾತು ನಿಜವಾದ ಮಾತ್ರಕ್ಕೆ ರಚನೆ ನಿಷ್ಪಕ್ಷಪಾತವಾಗಬೇಕಿಲ್ಲ ಎಂಬ ಅರಿವು ಈ ಪ್ರಕಾರದ ಬಾಲ್ಯದಲ್ಲೇ ಮೂಡಿತ್ತು.

ನಿಜವಾದ ತಿರುವು ಬಂದದ್ದು ಎತ್ತಿಕೊಂಡು ಹೋಗಬಲ್ಲ ಟೇಪು ಯಂತ್ರದೊಂದಿಗೆ. ಇದನ್ನು ಅರಿಯಲು ಒಂದೇ ನಿದರ್ಶನ ಸಾಕು. 1957ರ ಫೆಬ್ರವರಿ 9ರಂದು ಇಂಗ್ಲೆಂಡಿನ ಚಾಪೆಲ್-ಎನ್-ಲೆ-ಫ್ರಿತ್ ಬಳಿ ಸರಕು ರೈಲೊಂದರ ಇಂಜಿನ್ನಿನಲ್ಲಿ ಬ್ರೇಕಿನ ಉಗಿ ಕೊಳವೆ ಒಡೆಯಿತು. ಚಾಲಕ ಜಾನ್ ಆಕ್ಸನ್ ಅವರು ತಮ್ಮ ಸಹಾಯಕನನ್ನು ಕೆಳಗೆ ಹಾರುವಂತೆ ಹೇಳಿ, ತಾವು ಮಾತ್ರ ಕುದಿಯುವ ಉಗಿಯ ನಡುವೆಯೇ ಇಂಜಿನ್ನಿಗೆ ಅಂಟಿಕೊಂಡು, ದಾರಿಯ ಸಿಗ್ನಲ್ ಸಿಬ್ಬಂದಿಗೆ ಎಚ್ಚರಿಕೆ ಕೊಡುತ್ತ ಹೋಗಿ, ಮುಂದಿದ್ದ ಇನ್ನೊಂದು ಸರಕು ರೈಲಿಗೆ ಢಿಕ್ಕಿ ಹೊಡೆದು ಮಡಿದರು. ಮರಣೋತ್ತರವಾಗಿ ಅವರಿಗೆ ಜಾರ್ಜ್ ಕ್ರಾಸ್ ಸಂದಿತು. ಬಿಬಿಸಿಯ ಬರ್ಮಿಂಗ್‌ಹ್ಯಾಮ್ ಕೇಂದ್ರದ ನಿರ್ಮಾಪಕ ಚಾರ್ಲ್ಸ್ ಪಾರ್ಕರ್ ಈ ಘಟನೆಯ ಮೇಲೊಂದು ಗೀತರೂಪಕ ರಚಿಸುವಂತೆ ಯೂಅನ್ ಮೆಕಾಲ್ ಅವರನ್ನು ಕೇಳಿಕೊಂಡರು. ರೂಢಿಯ ಪ್ರಕಾರ ಆಗಬೇಕಾದ್ದು ಇಷ್ಟು: ರೈಲು ನೌಕರರನ್ನು ಕಂಡು ಮಾಹಿತಿ ಸಂಗ್ರಹಿಸುವುದು, ಅದರ ಆಧಾರದ ಮೇಲೆ ಪಾಠ ಬರೆಯುವುದು, ನುರಿತ ನಟರಿಂದ ಆಡಿಸುವುದು.

ಇಬ್ಬರೂ ಯಂತ್ರವನ್ನು ಹೊತ್ತು ಆಕ್ಸನ್ನರ ಸಹೋದ್ಯೋಗಿಗಳ ಬಳಿಗೆ ಹೋದರು. ನಲವತ್ತು ಗಂಟೆಗಳಿಗೂ ಮೀರಿದ ಮಾತನ್ನು ಮುದ್ರಿಸಿಕೊಂಡರು. ಆ ಸುರುಳಿಗಳನ್ನು ಕೇಳುತ್ತ ಕುಳಿತ ಮೆಕಾಲ್‌ಗೆ ತಾವು ಬರೆಯಬೇಕೆಂದಿದ್ದ ಸಂಭಾಷಣೆ ನಿರರ್ಥಕವೆನಿಸಿತು. ಉಸಿರು ನಿಲ್ಲುವ ಕಡೆ, ತಡವರಿಸುವ ಕಡೆ, ಕೆಲಸದ ಪರಿಭಾಷೆಯೇ ಉಪಮೆಯಾಗಿ ಬಿಡುವ ಕಡೆ ಆ ಮಾತಿಗಿದ್ದ ಕಸುವನ್ನು ಯಾವ ನಟನೂ ತರಲಾರನೆಂಬುದು ಸ್ಪಷ್ಟವಾಯಿತು. ನಟರನ್ನು ಕೈಬಿಡಲಾಯಿತು. ಮೆಕಾಲ್ ಹಾಡುಗಳನ್ನು ಮಾತ್ರ ಬರೆದರು; ಅವಕ್ಕೂ ಆ ಮಾತಿನ ಲಯವನ್ನೇ ಆಧಾರವಾಗಿಟ್ಟುಕೊಂಡರು. ಪೆಗ್ಗಿ ಸೀಗರ್ ಸಂಗೀತವನ್ನು ಹೊಂದಿಸಿದರು. 1958ರ ಜುಲೈ 2ರಂದು ಪ್ರಸಾರವಾದ ‘ದ ಬ್ಯಾಲೆಡ್ ಆಫ್ ಜಾನ್ ಆಕ್ಸನ್’ನಲ್ಲಿ ಕತೆಯನ್ನು ಕೂಡಿಸಿ ಹೇಳುವ ನಿರೂಪಕನೇ ಇಲ್ಲ. ಮಾತು ಹಾಡಿಗೆ ದಾರಿ ಬಿಡುತ್ತದೆ, ಹಾಡು ಇಂಜಿನ್ನಿನ ಸದ್ದಿಗೆ, ಸದ್ದು ಮತ್ತೆ ಮಾತಿಗೆ.

1958ರಿಂದ 1964ರವರೆಗೆ ಇಂಥ ಎಂಟು ‘ರೇಡಿಯೋ ಬ್ಯಾಲೆಡ್’ಗಳು ಹೊರಬಂದವು. ಮೀನುಗಾರರ ಬದುಕನ್ನು ಕುರಿತ ‘ಸಿಂಗಿಂಗ್ ದ ಫಿಶಿಂಗ್’ 1960ರಲ್ಲಿ ಇಟಾಲಿಯಾ ಪ್ರಶಸ್ತಿ ಪಡೆಯಿತು. ಈ ರಚನೆಗಳ ಹಿಂದಿದ್ದ ಶ್ರಮವನ್ನು ಇಂದು ಊಹಿಸುವುದೂ ಕಷ್ಟ. ಬೇಕಾದ ವಾಕ್ಯವನ್ನು ಹುಡುಕಲು ಟೇಪನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಎಳೆದು, ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ತುಂಡುಗಳನ್ನು ಅಂಟುಪಟ್ಟಿಯಿಂದ ಜೋಡಿಸಬೇಕಿತ್ತು. ನಲವತ್ತು ಗಂಟೆಯ ಮಾತು ಒಂದು ಗಂಟೆಯ ರೂಪಕದಲ್ಲಿ ಅಡಗಬೇಕಾದರೆ ಉಳಿದದ್ದೆಲ್ಲ ನೆಲಕ್ಕೆ ಬೀಳಬೇಕು. ಬರಹಗಾರನ ಕೈಯಲ್ಲಿದ್ದ ಅಧಿಕಾರ ಕಾರ್ಮಿಕನ ಬಾಯಿಗೆ ಬಂತೆಂದು ಮೇಲುನೋಟಕ್ಕೆ ತೋರಿದರೂ, ವಾಸ್ತವದಲ್ಲಿ ಅದು ಬ್ಲೇಡು ಹಿಡಿದವನ ಕೈಗೆ ಸೇರಿತು.

ಇದಕ್ಕೆ ಮಾಲಿಕೆಯ ಕೊನೆಯ ಕೃತಿಯೇ ಸಾಕ್ಷಿ. ಅಲೆಮಾರಿ ಸಮುದಾಯಗಳನ್ನು ಕುರಿತ ‘ದ ಟ್ರಾವೆಲಿಂಗ್ ಪೀಪಲ್’ನಲ್ಲಿ, ಆ ಜನರ ಹುಟ್ಟು, ಹಾಡು, ಅಟ್ಟಿಸಿಕೊಂಡ ನೆನಪುಗಳೆಲ್ಲ ಬಂದುಹೋದ ಮೇಲೆ, ಬರ್ಮಿಂಗ್‌ಹ್ಯಾಮ್ ನಗರಸಭೆಯ ಹಿರಿಯ ಸದಸ್ಯರೊಬ್ಬರ ಮಾತು ಕೇಳಿಬರುತ್ತದೆ. ದಾರಿಗೆ ಬಾರದವರನ್ನು ನಿರ್ಮೂಲ ಮಾಡುವ ಕಾಲ ಒಂದು ಬರುವುದಿಲ್ಲವೇ ಎಂಬರ್ಥದ ಆ ಮಾತಿನೊಂದಿಗೆ ರೂಪಕ ಮುಗಿಯುತ್ತದೆ. ನಿರೂಪಕನ ಟೀಕೆಯಿಲ್ಲ, ಹಾಡಿಲ್ಲ. ಆ ಮಾತನ್ನು ಅವರು ಆಡಿದ್ದು ನಿಜ. ಆದರೆ ಅದನ್ನು ಕೊನೆಗಿಟ್ಟದ್ದು ಸಂಕಲನಕಾರ. ತೀರ್ಪು ಇರುವುದು ಮಾತಿನಲ್ಲಲ್ಲ, ಅದನ್ನಿಟ್ಟ ಜಾಗದಲ್ಲಿ. ಈ ಸಂದರ್ಭದಲ್ಲಿ ಆ ತೀರ್ಪು ನ್ಯಾಯವಾದದ್ದೆಂದು ಬಹುಮಂದಿ ಒಪ್ಪುತ್ತಾರೆ. ಅದೇ ಕೌಶಲ ಇನ್ನೊಬ್ಬರ ಕೈಯಲ್ಲಿ ಅಷ್ಟೇ ನಿರಾಯಾಸವಾಗಿ ಅನ್ಯಾಯಕ್ಕೂ ಒದಗಬಲ್ಲದು. ಖರ್ಚು ಹೆಚ್ಚೆಂಬ ಕಾರಣದಿಂದ ಮಾಲಿಕೆ ನಿಂತಿತು. 1965ರಲ್ಲಿ ಬಿಬಿಸಿಯ ರೂಪಕ ವಿಭಾಗವೂ ಮುಚ್ಚಿತು. 1972ರಲ್ಲಿ ಪಾರ್ಕರ್ ಅವರನ್ನು ಕೆಲಸದಿಂದ ತೆಗೆಯಲಾಯಿತು.

ಜರ್ಮನಿಯಲ್ಲಿ ಈ ಪ್ರಕಾರ ಬೇರೆ ದಾರಿ ಹಿಡಿಯಿತು. ಬರ್ಲಿನ್ನಿನ ಪೀಟರ್ ಲಿಯೋನ್‌ಹಾರ್ಡ್ ಬ್ರೌನ್ ಅವರು 1967ರಲ್ಲಿ ಕೋಳಿ ಸಾಕಣೆಯ ಉದ್ಯಮವನ್ನೂ, 1973ರಲ್ಲಿ ಯುರೋಪಿನ ಚರ್ಚುಗಳ ಗಂಟೆಗಳನ್ನೂ ವಿಷಯವಾಗಿಟ್ಟುಕೊಂಡು ಸ್ಟೀರಿಯೋ ರೂಪಕಗಳನ್ನು ನಿರ್ಮಿಸಿದರು. ಅವರಲ್ಲಿ ಸದ್ದು ಮಾತಿನ ಹಿನ್ನೆಲೆಯಾಗಿ ಉಳಿಯದೆ ತಾನೇ ಕಥನವಾಗುತ್ತದೆ. ಅದೇ 1967ರಲ್ಲಿ ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ‘ದ ಐಡಿಯಾ ಆಫ್ ನಾರ್ತ್’ನಲ್ಲಿ ಹಲವರ ಮಾತನ್ನು ಏಕಕಾಲಕ್ಕೆ ಒಂದರ ಮೇಲೊಂದು ಹೆಣೆದರು. ಕಲೆಯ ದೃಷ್ಟಿಯಿಂದ ಇವು ದೊಡ್ಡ ಹೆಜ್ಜೆಗಳೇ ಸರಿ. ಆದರೆ ಆಡಿದವನ ಹಕ್ಕಿನ ಪ್ರಶ್ನೆಯನ್ನು ಇವು ಬಗೆಹರಿಸಲಿಲ್ಲ. ಗೂಲ್ಡ್ ಅವರ ರಚನೆಯಲ್ಲಂತೂ ಮಾತನಾಡಿದವರು ಪರಸ್ಪರ ಭೇಟಿಯಾಗಿಯೇ ಇರಲಿಲ್ಲ. ಅವರ ನಡುವಿನ ಸಂವಾದ ಹುಟ್ಟಿದ್ದು ಸಂಕಲನದ ಮೇಜಿನ ಮೇಲೆ.

ಕನ್ನಡದ ಸಂದರ್ಭಕ್ಕೆ ಬಂದರೆ, ಬರೆದ ಮಾತು ಮತ್ತು ಆಡಿದ ಮಾತಿನ ಈ ಸೆಣಸಾಟಕ್ಕೆ ತನ್ನದೇ ಚರಿತ್ರೆಯಿದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರೇಷಕವೊಂದನ್ನಿಟ್ಟು ಪ್ರಸಾರ ಆರಂಭಿಸಿದರು. 1950ರಲ್ಲಿ ಧಾರವಾಡ ಕೇಂದ್ರವೂ, 1955ರಲ್ಲಿ ಬೆಂಗಳೂರು ಕೇಂದ್ರವೂ ಆರಂಭವಾದವು. ದ. ರಾ. ಬೇಂದ್ರೆಯವರಂಥ ಕವಿ ಧಾರವಾಡ ಕೇಂದ್ರದ ಸಲಹೆಗಾರರಾಗಿದ್ದರೆಂಬುದು ಆಕಾಶವಾಣಿಗೆ ಸಾಹಿತ್ಯದೊಡನೆ ಇದ್ದ ನಂಟನ್ನು ಸೂಚಿಸುತ್ತದೆ. ಈ ನಂಟಿಗೆ ಎರಡು ಮುಖ. ಗೀತರೂಪಕ, ಬಾನುಲಿ ನಾಟಕ, ಚಿಂತನಗಳ ಸಮೃದ್ಧಿ ಅದರಿಂದಲೇ ಸಾಧ್ಯವಾಯಿತು. ಆದರೆ ಭಾಷಣಕಾರರು ಲಿಖಿತ ಪಾಠವನ್ನು ಮುಂಚಿತವಾಗಿ ಕೇಂದ್ರಕ್ಕೆ ಒಪ್ಪಿಸುವ ಪದ್ಧತಿಯೂ ಅದರೊಡನೆ ಬೆಳೆಯಿತು. ತಿದ್ದಿದ, ಅಳೆದ, ಗ್ರಾಂಥಿಕಕ್ಕೆ ಸಮೀಪವಾದ ಒಂದು ಬಾನುಲಿ ಕನ್ನಡ ರೂಪುಗೊಂಡಿತು. ಹಳ್ಳಿಗರ ಕಾರ್ಯಕ್ರಮಗಳಲ್ಲಿ ಹಳ್ಳಿಯ ಮಾತು ಕೇಳಿಬರುತ್ತಿತ್ತು, ನಿಜ. ಆದರೆ ಬಹುಪಾಲು ಅದು ಕಲಾವಿದರು ಆಡಿದ ಹಳ್ಳಿಯ ಮಾತು. ಬ್ರಿಡ್ಸನ್ ಅವರ ಉಪಾಯದಲ್ಲಿ ಕೊನೆಗೆ ಓದುತ್ತಿದ್ದವನಾದರೂ ಮಾತಿನ ಮೂಲ ಒಡೆಯನೇ ಆಗಿದ್ದ. ಇಲ್ಲಿ ಅವನೂ ಬದಲಾಗಿದ್ದ.

ಬಾನುಲಿಯ ಹೊರಗೆ, ಜಾನಪದ ಕ್ಷೇತ್ರಕಾರ್ಯದಲ್ಲಿ ಇದೇ ಪ್ರಶ್ನೆಯನ್ನು ಕನ್ನಡ ವಿದ್ವಾಂಸರು ಎದುರಿಸಿದ್ದರೆಂಬುದು ಗಮನಾರ್ಹ. ನೀಲಗಾರರಿಂದಲೂ ದೇವರಗುಡ್ಡರಿಂದಲೂ ಮಹಾಕಾವ್ಯಗಳನ್ನು ಬರೆದುಕೊಂಡು, ಮುದ್ರಿಸಿಕೊಂಡು ಪ್ರಕಟಿಸುವಾಗ, ಗ್ರಂಥದ ಹೊದಿಕೆಯ ಮೇಲೆ ಯಾರ ಹೆಸರಿರಬೇಕು? ಮೊದಮೊದಲು ಸಂಗ್ರಾಹಕರ ಹೆಸರು ಮಾತ್ರ ಎದ್ದು ಕಾಣುತ್ತಿತ್ತು. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾದೆಮಿ 2001ರಲ್ಲಿ ಪ್ರಕಟಿಸಿದಾಗ, ಅದನ್ನು ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಉಲ್ಲೇಖ ಶೀರ್ಷಿಕೆಯಲ್ಲೇ ಬಂದಿತು. ಚಿಕ್ಕ ವಿಷಯವೆಂದು ತೋರಿದರೂ ಒಡೆತನದ ಲೆಕ್ಕದಲ್ಲಿ ಇದು ದೊಡ್ಡ ಬದಲಾವಣೆ. ಬಾನುಲಿ ರೂಪಕಗಳ ಕೊನೆಯಲ್ಲಿ ನಿರ್ಮಾಪಕರು, ಸಹಾಯಕರು, ವಾದ್ಯಗಾರರ ಹೆಸರುಗಳನ್ನು ಓದುವಾಗ, ಮಾತನಾಡಿದ ರೈತ ‘ಗ್ರಾಮಸ್ಥರು’ ಎಂಬ ಒಂದೇ ಪದದಲ್ಲಿ ಮರೆಯಾಗುವುದನ್ನು ಇದರೊಡನೆ ಹೋಲಿಸಬಹುದು.

ಆಡಿದವರೇ ಸಂಕಲನಕಾರರೂ ಆದರೆ ಏನಾದೀತು? ಈ ಪ್ರಶ್ನೆಗೆ ಕರ್ನಾಟಕದ್ದೇ ಒಂದು ಉತ್ತರವಿದೆ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿದ್ದರೂ ಸಮುದಾಯಗಳಿಗೆ ಪ್ರಸಾರದ ಪರವಾನಗಿ ದೊರೆಯುತ್ತಿರಲಿಲ್ಲ. ಆ ದಿನಗಳಲ್ಲಿ, 2000ರ ದಶಕದ ಆರಂಭದಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಶ್ರವ್ಯಕೇಂದ್ರ ಹುಟ್ಟಿತು. ಗ್ರಾಮದ ಮಹಿಳೆಯರೂ ಯುವಜನರೂ ತಾವೇ ಧ್ವನಿ ಮುದ್ರಿಸಿ, ಸಂಕಲಿಸಿ, ಗಾಳಿಯಲ್ಲಿ ಕಳಿಸುವ ಅಪ್ಪಣೆ ಇಲ್ಲದ್ದರಿಂದ ಧ್ವನಿವರ್ಧಕದ ಮೂಲಕವೂ ಟಿ.ವಿ. ಕೇಬಲ್ಲಿನ ಮೂಲಕವೂ ಮನೆಗಳಿಗೆ ಮುಟ್ಟಿಸಿದರು. ತಂತಿಯಲ್ಲಿ ಹರಿದ ಬಾನುಲಿ ಎನ್ನುವುದು ವಿರೋಧಾಭಾಸವಾದರೂ ಅದು ಕೆಲಸ ಮಾಡಿತು. 2006ರ ನವೆಂಬರಿನ ಸಮುದಾಯ ಬಾನುಲಿ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧಭಾಗ ಸ್ಥಳೀಯ ಸಮುದಾಯದ ಪಾಲುಗೊಳ್ಳುವಿಕೆಯಿಂದ ಸಿದ್ಧವಾಗಬೇಕೆಂದೂ ವಿಧಿಸಿತು. ಆದರೆ ಕೇಂದ್ರಗಳು ತಮ್ಮದೇ ಆದ ಸುದ್ದಿಯನ್ನೂ ರಾಜಕೀಯ ವಿದ್ಯಮಾನವನ್ನೂ ಬಿತ್ತರಿಸಲು ಅವಕಾಶ ಕೊಡಲಿಲ್ಲ.

ರೂಪಕದ ಚರ್ಚೆಗೆ ಈ ನಿರ್ಬಂಧ ಬಹಳ ಮುಖ್ಯ. ಊರಿನ ಕೊಳವೆ ಬಾವಿ ಬತ್ತಿದ್ದನ್ನು ‘ಪಂಚಾಯತಿ ನೀರು ಕೊಡಲಿಲ್ಲ’ ಎಂದು ವರದಿ ಮಾಡಿದರೆ ಅದು ಸುದ್ದಿಯಾದೀತು. ಮೂರು ಮೈಲಿ ನಡೆದು ನೀರು ತರುವ ಹೆಂಗಸೊಬ್ಬಳು ತನ್ನ ಒಂದು ದಿನವನ್ನು ಹೇಳಿಕೊಂಡರೆ ಅದು ಕಥನ. ಸುದ್ದಿಯ ಬಾಗಿಲು ಮುಚ್ಚಿದಲ್ಲಿ ಕತೆಯೇ ಸಾಕ್ಷ್ಯ ನುಡಿಯಬೇಕಾಗುತ್ತದೆ. ಇದು ರೂಪಕಕ್ಕೆ ಬಲವೂ ಹೌದು, ಅಪಾಯವೂ ಹೌದು; ಏಕೆಂದರೆ ಕತೆಯಾಗಿ ಕೇಳಿದ್ದನ್ನು ಅಧಿಕಾರಿಯು ಕತೆಯೆಂದೇ ತಳ್ಳಿಹಾಕಬಹುದು.

2004ರಲ್ಲಿ ‘ಪಾಡ್‌ಕಾಸ್ಟ್’ ಎಂಬ ಹೆಸರು ಬಳಕೆಗೆ ಬಂದಾಗ ಪರವಾನಗಿಯ ಪ್ರಶ್ನೆಯೇ ಬದಿಗೆ ಸರಿಯಿತು. ನಿಗದಿತ ವೇಳೆಯೂ ಹೋಯಿತು. ಊರೆಲ್ಲ ಒಂದೇ ಗಳಿಗೆಯಲ್ಲಿ ಒಂದೇ ಮಾತಿಗೆ ಕಿವಿಗೊಡುವ ಕಾಲ ಹಿಂದೆ ಸರಿದು, ಒಬ್ಬೊಬ್ಬರೂ ತಮ್ಮ ಕಿವಿಯೊಳಗೆ ತಮಗೆ ಬೇಕಾದಾಗ ಕೇಳುವ ಕಾಲ ಬಂತು. ಕಥನದ ಧಾಟಿಯೂ ಅದಕ್ಕೆ ತಕ್ಕಂತೆ ಬದಲಾಯಿತು. ಪಾರ್ಕರ್ ಹೊರಗೆ ಕಳಿಸಿದ್ದ ನಿರೂಪಕ ಈಗ ಹಿಂದಿರುಗಿದ. ಆದರೆ ಎಲ್ಲವನ್ನೂ ಬಲ್ಲವನಾಗಿ ಅಲ್ಲ. ಶಂಕಿಸುವ, ತಪ್ಪುವ, ತನ್ನ ಗೊಂದಲವನ್ನು ಒಪ್ಪಿಕೊಳ್ಳುವ ಸ್ನೇಹಿತನಾಗಿ. ಚಿಕಾಗೋದಲ್ಲಿ 1995ರಲ್ಲಿ ಆರಂಭವಾದ ‘ದಿಸ್ ಅಮೆರಿಕನ್ ಲೈಫ್’ ಬಾನುಲಿ ಕಾರ್ಯಕ್ರಮದ ಬಳಗದಿಂದ 2014ರಲ್ಲಿ ಹೊರಬಂದ ‘ಸೀರಿಯಲ್’ ಇದರ ಪ್ರಸಿದ್ಧ ಮಾದರಿ. 1999ರಲ್ಲಿ ಬಾಲ್ಟಿಮೋರಿನಲ್ಲಿ ನಡೆದ ಕೊಲೆಯೊಂದನ್ನು ಹನ್ನೆರಡು ಕಂತುಗಳಲ್ಲಿ ಅದು ಮರುಪರಿಶೀಲಿಸಿತು. ಆ ಪ್ರಕರಣದ ಶಿಕ್ಷೆ 2022ರಲ್ಲಿ ರದ್ದಾಗಿ, 2023ರಲ್ಲಿ ಮತ್ತೆ ಸ್ಥಾಪಿತವಾಗಿ, 2025ರಲ್ಲಿ ಅದುವರೆಗೆ ಅನುಭವಿಸಿದಷ್ಟಕ್ಕೆ ಸೀಮಿತವಾಯಿತು. ಹತಳಾದ ಹುಡುಗಿಯ ಕುಟುಂಬಕ್ಕೆ ಮಾತ್ರ ಈ ಕಥನ ಹಳೆಯ ಗಾಯವನ್ನು ಕೆದಕಿದ್ದಾಗಿತ್ತು.

2017ರ ‘ಎಸ್-ಟೌನ್’ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಎತ್ತಿತು. ಅಲಬಾಮಾ ಪ್ರಾಂತದ ಗಡಿಯಾರ ದುರಸ್ತಿಗಾರನೊಬ್ಬನ ಬದುಕನ್ನು ಅದು ಹೇಳುತ್ತದೆ. ಧ್ವನಿಮುದ್ರಣ ನಡೆಯುತ್ತಿದ್ದ ವರ್ಷಗಳಲ್ಲೇ, 2015ರಲ್ಲಿ, ಅವನು ಆತ್ಮಹತ್ಯೆ ಮಾಡಿಕೊಂಡ. ಹೊರಗೆ ಹೇಳಬೇಡಿ ಎಂದು ಅವನು ತಿಳಿಸಿದ್ದ ಸಂಗತಿಯೂ, ಅವನೀಗ ಇಲ್ಲವೆಂಬ ಸಮಾಧಾನದೊಡನೆ, ಕಥನದಲ್ಲಿ ಸೇರಿತು. ಅವನ ಆಸ್ತಿಯ ಪ್ರತಿನಿಧಿಗಳು 2018ರಲ್ಲಿ ಮೊಕದ್ದಮೆ ಹೂಡಿದರು, 2020ರಲ್ಲಿ ರಾಜಿಯಾಯಿತು. ಕೃತಿಯ ಕಲಾತ್ಮಕತೆಯನ್ನು ಬಹುಮಂದಿ ಕಾದಂಬರಿಗೆ ಹೋಲಿಸಿ ಮೆಚ್ಚಿದರು. ತೊಡಕಿರುವುದೂ ಅಲ್ಲಿಯೇ: ಕಾದಂಬರಿಯ ಪಾತ್ರಕ್ಕೆ ಲೇಖಕನೊಡನೆ ಕರಾರು ಮಾಡಿಕೊಳ್ಳುವ ಅಗತ್ಯವಿಲ್ಲ, ಈ ಮನುಷ್ಯನಿಗಿತ್ತು. ಇದಕ್ಕೆ ತದ್ವಿರುದ್ಧವಾದ ನಿದರ್ಶನ ‘ಕ್ಯಾಲಿಫೇಟ್’. ತಾನು ಭಯೋತ್ಪಾದಕ ಪಡೆಯಲ್ಲಿದ್ದು ಹತ್ಯೆ ಮಾಡಿದೆನೆಂದು ಹೇಳಿಕೊಂಡ ವ್ಯಕ್ತಿಯೊಬ್ಬನ ಮಾತನ್ನು ಆಧರಿಸಿ ‘ನ್ಯೂಯಾರ್ಕ್ ಟೈಮ್ಸ್’ 2018ರಲ್ಲಿ ಈ ಮಾಲಿಕೆ ಹೊರತಂದಿತು. ಅವನ ಹೇಳಿಕೆ ನಂಬಲರ್ಹವಲ್ಲವೆಂದು 2020ರ ಡಿಸೆಂಬರಿನಲ್ಲಿ ಒಪ್ಪಿಕೊಂಡು, ಬಂದಿದ್ದ ಪ್ರಶಸ್ತಿಯನ್ನು ಹಿಂದಿರುಗಿಸಿತು. ಕಂಪಿಸುವ ಧ್ವನಿ ಸತ್ಯದ ಪುರಾವೆಯಲ್ಲ ಎಂಬುದನ್ನು ಅಚ್ಚಿನ ಪತ್ರಕರ್ತರು ಅಚ್ಚಿನಲ್ಲಿ ಮರೆಯುತ್ತಿರಲಿಲ್ಲವೇನೋ. ಕಿವಿಗೆ ಮರುಳಾಗುವ ಗುಣ ಹೆಚ್ಚು.

ಟೇಪಿನ ಕಾಲದಲ್ಲಿ ಕತ್ತರಿಸಿದ ಕಡೆ ಒಂದು ಜೋಡಣೆ ಉಳಿಯುತ್ತಿತ್ತು. ಬೆರಳಿನಿಂದ ಮುಟ್ಟಿ ನೋಡಬಹುದಿತ್ತು. ಗಣಕಯಂತ್ರದ ಪರದೆಯ ಮೇಲೆ ಧ್ವನಿಯ ಅಲೆಯನ್ನು ಕತ್ತರಿಸಿದರೆ ಕಲೆಯೇ ಉಳಿಯುವುದಿಲ್ಲ. ಈಗ ಕತ್ತರಿಸುವ ಅಗತ್ಯವೂ ಇಲ್ಲದಂತಾಗಿದೆ. 2024ರ ಅಕ್ಟೋಬರಿನಲ್ಲಿ ಪೋಲೆಂಡಿನ ‘ಆಫ್ ರೇಡಿಯೋ ಕ್ರಾಕುವ್’ ಎಂಬ ಕೇಂದ್ರವು ತನ್ನ ನಿರೂಪಕರನ್ನು ಕೈಬಿಟ್ಟ ಬಳಿಕ ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ನಿರೂಪಕರನ್ನು ಪರಿಚಯಿಸಿತು. 2012ರಲ್ಲಿ ನಿಧನರಾಗಿದ್ದ ನೊಬೆಲ್ ಪುರಸ್ಕೃತ ಕವಿ ವಿಸ್ವಾವ ಶಿಂಬೋರ್ಸ್ಕಾ ಅವರೊಡನೆ ‘ಸಂದರ್ಶನ’ವೂ ಪ್ರಸಾರವಾಯಿತು. ಇದು ಯಂತ್ರದ ಕೆಲಸವೆಂಬುದನ್ನು ಕೇಂದ್ರ ಮುಚ್ಚಿಡಲಿಲ್ಲ. ಆದರೂ ವ್ಯಾಪಕ ಪ್ರತಿಭಟನೆ ಎದ್ದು, ಕೆಲವೇ ದಿನಗಳಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು.

ಸತ್ತವರಿಗೆ ಬಾನುಲಿ ಮಾತು ಕೊಟ್ಟದ್ದು ಇದೇ ಮೊದಲಲ್ಲವಲ್ಲ ಎಂದು ಕೇಳಬಹುದು. ಭಾರತದ ಸ್ವಾತಂತ್ರ್ಯದ ಐವತ್ತನೆಯ ವರ್ಷದ ಸಂದರ್ಭಕ್ಕಾಗಿ ಗಿರೀಶ ಕಾರ್ನಾಡರು ಬಿಬಿಸಿಗೆ ಬರೆದುಕೊಟ್ಟ ಬಾನುಲಿ ನಾಟಕವೇ ಮುಂದೆ ‘ಟಿಪ್ಪು ಸುಲ್ತಾನ್ ಕಂಡ ಕನಸು’ ಎಂದು ರಂಗಕ್ಕೆ ಬಂದಿತು. ಟಿಪ್ಪು ಸ್ವಹಸ್ತದಿಂದ ಬರೆದಿಟ್ಟ ಕನಸುಗಳ ದಾಖಲೆ ಅದರ ಬೀಜ. ಅಲ್ಲಿ ಟಿಪ್ಪು ಮಾತನಾಡುತ್ತಾನೆ. ಆದರೆ ಮಾತು ಕಾರ್ನಾಡರದು, ಧ್ವನಿ ನಟನದು ಎಂಬುದನ್ನು ಕೇಳುಗ ಬಲ್ಲ. ಒಪ್ಪದಿದ್ದರೆ ಜಗಳಕ್ಕೆ ಕಾರ್ನಾಡರು ಸಿಗುತ್ತಿದ್ದರು. ಕ್ರಾಕುವ್‌ನ ಸಂದರ್ಶನದಲ್ಲಿ ಶಿಂಬೋರ್ಸ್ಕಾ ಆಡಿದ ಮಾತೂ ಇಲ್ಲ, ಇನ್ನೊಬ್ಬ ಕವಿ ತನ್ನ ಹೊಣೆಯಲ್ಲಿ ಕಲ್ಪಿಸಿದ ಮಾತೂ ಇಲ್ಲ. ಬ್ರಿಡ್ಸನ್ ಅವರ ಕಾಗದಕ್ಕೆ ಒಬ್ಬ ಬರಹಗಾರನಿದ್ದ, ಪಾರ್ಕರ್ ಅವರ ಬ್ಲೇಡಿಗೆ ಒಂದು ಕೈಯಿತ್ತು; ಇಲ್ಲಿ ಪ್ರಶ್ನೆ ಕೇಳಲು ಎದುರಿಗೆ ಯಾರೂ ಇಲ್ಲ.

ಇಂಥ ಸಂದರ್ಭದಲ್ಲಿ ಕತ್ತರಿಸದ ಮೂಲ ಮುದ್ರಿಕೆಗಳಿಗೆ ಹೊಸ ಬೆಲೆ ಬಂದಿದೆ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಪ್ರಸಾರವಾದ ಸುರುಳಿಯನ್ನು ಅಳಿಸಿ ಮತ್ತೆ ಬಳಸುವುದು ಜಗತ್ತಿನ ಅನೇಕ ಬಾನುಲಿ ಕೇಂದ್ರಗಳ ರೂಢಿಯಾಗಿತ್ತು. ಹೀಗೆ ಅಳಿದದ್ದು ಬಹುಪಾಲು ಸಾಮಾನ್ಯರ ಮಾತು. ಸಂಗೀತ ವಿದ್ವಾಂಸರ ಕಛೇರಿಗಳನ್ನೂ ಸಾಹಿತಿಗಳ ಸಂದರ್ಶನಗಳನ್ನೂ ಜೋಪಾನ ಮಾಡಿದವರಿಗೆ ರಾಗಿ ಹೊಲದಲ್ಲಿ ಮುದ್ರಿಸಿಕೊಂಡ ಅರ್ಧ ಗಂಟೆಯನ್ನು ಉಳಿಸಬೇಕೆನಿಸಲಿಲ್ಲ. ಪಾರ್ಕರ್ ಮಾತ್ರ ತಮ್ಮ ಕಚ್ಚಾ ಸುರುಳಿಗಳನ್ನು ಎಸೆಯಲಿಲ್ಲ. ಬರ್ಮಿಂಗ್‌ಹ್ಯಾಮಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅವರ ಹೆಸರಿನ ಸಂಗ್ರಹವಿದೆ. ರೈಲು ನೌಕರರು, ಮೀನುಗಾರರು, ಅಲೆಮಾರಿಗಳು ಆಡಿದ, ಆದರೆ ರೂಪಕಗಳಲ್ಲಿ ಸೇರದೆ ಹೋದ ಮಾತುಗಳು ಅಲ್ಲಿವೆ. ಪ್ರಸಾರವಾದ ಒಂದು ಗಂಟೆಯನ್ನು ಅವುಗಳ ಪಕ್ಕದಲ್ಲಿಟ್ಟು, ಬ್ಲೇಡು ಎಲ್ಲಿ ಹರಿಯಿತೆಂಬುದನ್ನು ಸಂಶೋಧಕರು ಕೇಳಿ ನೋಡಬಹುದಾಗಿದೆ.